ಹಾನಗಲ್ಲಿನ ಕೊಂಡಿ ಕೀಳುವ ಮುನ್ನ

ರಾಣೆಬೆನ್ನೂರು
ನೆರಳುಮಾಸದ ಮೂವತ್ತೆರಡನೇ ದಿನ, ೨೧೪೯

ಪ್ರೀತಿಯ ಮುತ್ತಜ್ಜಿ ದ್ರಾಕ್ಷಾಯಣಿಗೆ,

ನಿನ್ನ ಮೊಮ್ಮಗಳ ಮೊಮ್ಮಗಳು ಸಿರಿಗಂಗಾ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡ. ಬೇಸಿಗೆ ಉದ್ದವಾದ ಮೇಲೆ ಉಳಿದ ತಿಂಗಳುಗಳಿಂದ ಎರಡು ಮೂರು ದಿನ ಕಿತ್ತುಕೊಂಡು ನಾವು ಹದಿಮೂರನೆಯ ತಿಂಗಳೊಂದನ್ನು ಮಾಡಿಕೊಂಡಿದ್ದೇವೆ. ಆ ತಿಂಗಳು ಊರಿಗೆ ಊರೇ ಮನೆಯೊಳಗೆ ಕೂತು ಹರಿದದ್ದು ಮುರಿದದ್ದನ್ನು ಸರಿಮಾಡುತ್ತದೆ. ನನ್ನ ಕನ್ನಡ ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ನಿನ್ನ ಕಾಲದ ಭಾಷೆಯನ್ನು ಕಲಿತು ಬರೆಯುತ್ತಿದ್ದೇನೆ. ಇದನ್ನು ಓದುತ್ತಿರುವ ಹೊತ್ತಿನ ನಿನಗಿಂತ ನಾನು ವಯಸ್ಸಿನಲ್ಲಿ ಒಂಬತ್ತು ವರ್ಷ ದೊಡ್ಡವಳು. ಆದರೂ ಮುತ್ತಜ್ಜಿ ಎಂದೇ ಕರೆಯುತ್ತೇನೆ, ಸಿಟ್ಟಾಗಬೇಡ. ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ, ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದಕ್ಕೆ ಅನುಮತಿ ಕೊಡುತ್ತದೆ. ನನ್ನದು ನಿನ್ನ ಹೊಲಿಗೆ ಯಂತ್ರ ರಿಪೇರಿಯ ವೆಬ್‌ಸೈಟಿನಲ್ಲಿ 'ನಮ್ಮನ್ನು ಸಂಪರ್ಕಿಸಿ' ಎಂಬ ಪೆಟ್ಟಿಗೆಗೆ ಬಂದು ಬೀಳುತ್ತದೆ. ಅಲ್ಲಿ ದಿನವೂ ಬೀಳುವ 'ಮೊದಲ ಪುಟದ ಗ್ಯಾರಂಟಿ, ಐದು ಸಾವಿರ ಕೊಂಡಿ' ಎಂಬ ಜಾಹೀರಾತಿನ ಕಸದ ಜೊತೆ ಇದನ್ನೂ ಗುಡಿಸಿಬಿಡಬೇಡ, ನಿನ್ನ ದಮ್ಮಯ್ಯ.

ನಾನು ಹಳೆಜಾಲದ ಭಂಡಾರದಲ್ಲಿ ಎಳೆಗಾರ್ತಿ. ನಿಮ್ಮ ಕಾಲದ ಪುಟಗಳಲ್ಲಿ ಯಾವುದು ಯಾವುದಕ್ಕೆ ದಾರಿ ತೋರಿಸುತ್ತಿತ್ತು ಎಂದು ಹುಡುಕಿ ಬರೆದಿಡುವುದು ನನ್ನ ಕೆಲಸ. ನೀವು ಕೊಂಡಿ ಅಥವಾ ಲಿಂಕ್ ಎನ್ನುವುದನ್ನು ನಾವು ಬೆರಳು ಎನ್ನುತ್ತೇವೆ. ಒಬ್ಬರಿಗೆ ಆಯುಷ್ಯದಲ್ಲಿ ಇಪ್ಪತ್ತೊಂದೇ ಬೆರಳು. ಯಾರಿಗಾದರೂ ಒಂದು ಕೊಡಬೇಕೆಂದರೆ ಅವರ ಅಂಗಡಿಯಲ್ಲಿ ಅರ್ಧ ದಿನ ಕೂತು ಕೆಲಸ ನೋಡಬೇಕು, ಆಮೇಲೆ ಓಣಿಯ ಕಟ್ಟೆಯ ಮೇಲೆ ನಿಂತು ಕಂಡದ್ದನ್ನು ಮೂರು ಮಾತಿನಲ್ಲಿ ಹೇಳಬೇಕು. ಪಡೆದವರು ಬೆಲ್ಲ ನೀರು ಕೊಡಬಹುದು, ಅಷ್ಟೇ. ಏಳು ವರ್ಷದವರೆಗೆ ಅವರು ಕೊಟ್ಟವರಿಗೆ ತಿರುಗಿ ಬೆರಳು ಕೊಡುವಂತಿಲ್ಲ. ನಾನು ಈವರೆಗೆ ಹನ್ನೊಂದು ಕೊಟ್ಟಿದ್ದೇನೆ. ಒಂದು ನಮ್ಮ ಓಣಿಯ ರೊಟ್ಟಿ ಬಡಿಯುವವಳಿಗೆ, ಒಂದು ಬೀದಿಗೆ ಬರುವ ಕೃಷ್ಣಮೃಗಗಳನ್ನು ಹೆದರಿಸದೆ ಕಾಡಿಗೆ ಕಳಿಸುವ ಮುದುಕನಿಗೆ. ಇನ್ನೊಂದನ್ನು ಸೊಗಸಾಗಿ ಮಾತಾಡುತ್ತಾನೆಂದು ಒಬ್ಬ ಹಲ್ಲಿನ ವೈದ್ಯನಿಗೆ ಕೊಟ್ಟೆ. ಮರುತಿಂಗಳೇ ಅವನು ನನ್ನ ಒಳ್ಳೆಯ ಹಲ್ಲು ಕಿತ್ತ. ಮುಖ ನೋಡದವರಿಗೂ ನಿಮ್ಮ ಕಾಲದಲ್ಲಿ ಹೀಗೆ ಕೊಡುತ್ತಿದ್ದರು ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ.

ಮುತ್ತಜ್ಜಿ, ಭಂಡಾರದಲ್ಲಿ ನಿನ್ನ ಪುಟ ಸಿಕ್ಕ ದಿನ ನಾನು ಕೆಲಸ ಬಿಟ್ಟು ಎದ್ದು ಕುಣಿದೆ. ಎಣ್ಣೆಗೈಯಲ್ಲಿ ಬಾಬಿನ್ ಹಿಡಿದು ನಕ್ಕಿರುವ ನಿನ್ನ ಫೋಟೋ ಅಲ್ಲಿತ್ತು. ನನ್ನ ಮೂಗು ನಿನ್ನದೇ. ಮೊದಲ ವರ್ಷ ಎಲ್ಲ ಚೆನ್ನಾಗಿತ್ತು. ನಿನ್ನ ಕೈಗುಣ ಕಂಡವರು ಐದಾರು ಜನ ತಮ್ಮ ಪುಟಗಳಲ್ಲಿ ನಿನ್ನ ಹೆಸರು ಬರೆದು ಕೊಂಡಿ ಹಾಕಿದರು. ಯಾರು ಯಾರನ್ನು ತೋರಿಸುತ್ತಾರೆಂದು ನೋಡಿ ತೂಗುವ ಹುಡುಕುಯಂತ್ರ, ಅಂದರೆ ನಿಮ್ಮ ಸರ್ಚ್ ಎಂಜಿನ್, ಅದನ್ನು ಮೆಚ್ಚಿ ನಿನ್ನನ್ನು ಜಿಲ್ಲೆಗೇ ಮೇಲಕ್ಕೇರಿಸಿತು. ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಮದುವೆಯಲ್ಲಿ ಒಂದು ಕುಪ್ಪಸದ ಕಣ ಬಂದರೂ ಬರೆದಿಟ್ಟು ಅವರ ಮನೆ ಕಾರ್ಯದಲ್ಲಿ ಮುಯ್ಯಿ ತಿರುಗಿಸುವ ವಂಶ ನಮ್ಮದು. 'ಕೊಟ್ಟವರಿಗೆ ತಿರುಗಿ ಕೊಡಲಿಲ್ಲಂದ್ರ ನಾಕ ಮಂದ್ಯಾಗ ಮಾರಿ ಹೆಂಗ ತೋರಸೂದು?' ಎಂದು ನೀನು 'ನಮ್ಮನ್ನು ನೆನೆದವರು' ಎಂಬ ಪುಟ ತೆರೆದು, ಕೊಂಡಿ ಕೊಟ್ಟವರಿಗೆಲ್ಲ ಮುಯ್ಯಿಯಾಗಿ ಕೊಂಡಿ ಕೊಡತೊಡಗಿದೆ. ಸುದ್ದಿ ಹಬ್ಬಿತು. ಬೋರ್‌ವೆಲ್ ಕೊರೆಯುವವನು ಬಂದ, ಕೂದಲೆಣ್ಣೆಯವಳು ಬಂದಳು, ಯಾವುದೋ ದೇಶದ ಇಸ್ಪೀಟಾಟದವರೂ ಬಂದರು. ಯಾರನ್ನೂ ನೀನು ಬರಿಗೈಯಲ್ಲಿ ಕಳಿಸಲಿಲ್ಲ. ನೂರ ಅರವತ್ತಮೂರು ಹೆಸರು, ಮುತ್ತಜ್ಜಿ! ಇಸ್ಪೀಟಿನವರಿಗೂ ಉಡಿ ತುಂಬಿ ಕಳಿಸಿದವಳು ಭೂಮಿಯ ಮೇಲೆ ನೀನೊಬ್ಬಳೇ ಇರಬೇಕು. ನಗುತ್ತಿದ್ದೇನೆ, ಆದರೆ ನಿನ್ನ ಮೇಲೆ ಪ್ರೀತಿ ಉಕ್ಕುತ್ತಿದೆ.

ಯಂತ್ರಕ್ಕೆ ಮುಯ್ಯಿ ತಿಳಿಯುವುದಿಲ್ಲ. ಅದು ಇದನ್ನು ಕೊಟ್ಟು ತೆಗೆದುಕೊಳ್ಳುವವರ ಗುಂಪುಗಾರಿಕೆ ಎಂದು ತಿಳಿದು ನಿನ್ನನ್ನು ಎಲ್ಲೂ ಕಾಣದ ಹಾಗೆ ಕೆಳಗೆ ತಳ್ಳಿತು. ಸಂಕ್ರಾಂತಿಯಿಂದ ಈಚೆಗೆ ಹೊಸಬರ ಒಂದು ಫೋನೂ ಬಂದಿಲ್ಲ. ಗಾರ್ಮೆಂಟ್ಸ್ ಫ್ಯಾಕ್ಟರಿಯವರು ಕೆಲಸಕ್ಕೆ ಕರೆದಿದ್ದಾರೆ, ನೀನು ಅರ್ಧ ಸಾಮಾನು ಗೋಣಿಚೀಲಕ್ಕೆ ತುಂಬಿದ್ದೀಯ. ಈ ಕಾಗದ ನಿನಗೆ ಸೇರುವ ದಿನ, ಅಂದರೆ ನಿನ್ನ ಇವತ್ತು, ಊಟಕ್ಕೆ ಕೂತಾಗ ಮುತ್ತಜ್ಜ ಫಕ್ಕೀರಪ್ಪ ಆ 'ನೆನೆದವರ' ಪುಟದ ಬಗ್ಗೆ, 'ಆ ಹಾಳೀನ ಬುಡಸಹಿತ ಕಿತ್ತ ಒಗಿ' ಅಂದ. ನಾಳೆ ಬೆಳಿಗ್ಗೆ ಹಾಗೇ ಮಾಡುವುದೆಂದು ನೀನು ಮನಸ್ಸು ಮಾಡಿದ್ದೀಯ. ನಿನಗೆ ಧೈರ್ಯ ಬರಲೆಂದು ಒಂದು ಮಾತು ಹೇಳುತ್ತೇನೆ, ಮುಂದಾಗುವುದನ್ನು ಹೇಳಲು ಹಿಂದಂಚೆಯವರು ಒಪ್ಪಿದ್ದಾರೆ. ಕಸ ಕಿತ್ತರೆ ನಿನ್ನ ಪುಟ ಮೆಲ್ಲಗೆ ಮೇಲೆ ಬರುತ್ತದೆ. ಐದು ಸಾವಿರ ಕೊಂಡಿ ಮಾರುವವನ ಕಡೆ ಮಾತ್ರ ತಿರುಗಿಯೂ ನೋಡಬೇಡ. ನಿನ್ನ ಕೆಲಸ ಕಣ್ಣಾರೆ ಕಂಡವರನ್ನು, ದಾರದಂಗಡಿಯವರನ್ನು, ಶಾಲೆಯ ಹೊಲಿಗೆ ಟೀಚರನ್ನು ಕೇಳು. ಅವರು ತಮ್ಮ ಪುಟದಲ್ಲಿ ನಿನ್ನ ಬಗ್ಗೆ ನಾಲ್ಕೇ ಮಾತು ಬರೆದರೂ ಸಾಕು. ಗೋಣಿಚೀಲ ಬಿಚ್ಚಿಬಿಡು.

ಆದರೆ ಇಡೀ ಹಾಳೆ ಕೀಳುವುದೆಂದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಆ ಹಾಳೆಯ ಮೊದಲನೆಯ ಹೆಸರು ಹಾನಗಲ್ಲಿನ ಜೈತುನಬಿಯದು. ಹೊಲಿಗೆ ಕ್ಲಾಸು ನಡೆಸುವ ಜೈತುನಬಿ, ಸಂತೆಗೆ ಬಂದಾಗಲೆಲ್ಲ ನಿನ್ನ ಅಂಗಡಿಯಲ್ಲಿ ಚಹಾ ಕುಡಿದು, ನಿನ್ನ ಜಗಲಿಯಲ್ಲೇ ಚೀಲ ಇಟ್ಟು ಹೋಗುವವಳು. ನಿನಗೆ ಮೊಟ್ಟಮೊದಲು ಕೊಂಡಿ ಕೊಟ್ಟವಳು ಅವಳೇ. ತನ್ನ ಪುಟದಲ್ಲಿ ಅವಳು ಬರೆದದ್ದು ಹೀಗಿದೆ: 'ನನ್ನ ಮಷೀನ್ ಎರಡು ವರ್ಷ ಮೂಲ್ಯಾಗ ಕುಂತಿತ್ತು. ರಾಣೆಬೆನ್ನೂರಿನ ದ್ರಾಕ್ಷಾಯಣಿ ಅಕ್ಕಾರು ಕೈ ಹಚ್ಚಿದ ಮ್ಯಾಲೆ ದಾರ ಹರೀಲಾರ್ದಂಗ ಓಡಾಕತ್ತೈತಿ.' ಇಂಥ ಕೊಂಡಿಗೆ ಯಂತ್ರ ಬೇಸರಪಡುವುದಿಲ್ಲ. ಇದು ಮುಯ್ಯಿಯೂ ಅಲ್ಲ, ಸ್ನೇಹ.

ನಮ್ಮ ಮನೆಯಲ್ಲಿ ಕೇಳುತ್ತ ಬಂದ ಕಥೆಯಲ್ಲಿ ನೀನು ಎಲ್ಲವನ್ನೂ ಕಿತ್ತೆ, ಅವಳಿಗೆ ಒಂದು ಮಾತೂ ಹೇಳಲಿಲ್ಲ. ಕ್ಲಾಸಿನ ಹುಡುಗಿಯರಿಗೆ 'ನೋಡ್ರಿ, ನಮ್ಮಕ್ಕಾರ ಹಾಳ್ಯಾಗ ನನ್ನ ಹೆಸರೈತಿ' ಎಂದು ತೋರಿಸಲು ಹೋದವಳಿಗೆ ಅಲ್ಲಿ ಏನೂ ಕಾಣಲಿಲ್ಲ. ಹೆಸರು ಮಾಡಿದ ಮೇಲೆ ಅಕ್ಕನಿಗೆ ತಾನು ಬೇಡವಾದೆ ಎಂದುಕೊಂಡಳು. ಅವಳು ಕೇಳಲಿಲ್ಲ. ನಿನಗೆ ನಾಚಿಕೆ, ನೀನೂ ಹೇಳಲಿಲ್ಲ. ಸಂತೆಗೆ ಬಂದರೂ ಅವಳು ಬೇರೆ ದಾರಿಯಲ್ಲಿ ಹೋಗತೊಡಗಿದಳು. ವಯಸ್ಸಾದ ಮೇಲೆ ನೀನು ನನ್ನ ಅಜ್ಜಿಯ ಮುಂದೆ, ಅಂದರೆ ನಿನ್ನ ಮೊಮ್ಮಗಳ ಮುಂದೆ, 'ಆಕಿನ್ನ ಕೇಳದ ಕಿತ್ತೆ' ಎಂದು ಅತ್ತದ್ದನ್ನು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ಈಗಲೂ ನಮ್ಮ ಮನೆಯಲ್ಲಿ ಯಾರಾದರೂ ಹೇಳದೆ ಕೇಳದೆ ಏನಾದರೂ ಮಾಡಿದರೆ 'ಆಕಿನ್ನ ಕೇಳದ ಕಿತ್ತಂಗಾತು' ಎನ್ನುತ್ತೇವೆ. ಕಥೆಯನ್ನೆಲ್ಲ ಹೇಳಿದ ಅಜ್ಜಿ ಹೆಸರು ಮಾತ್ರ ಹೇಳಿರಲಿಲ್ಲ; ಆ 'ಆಕಿ' ಯಾರೆಂದು ನನಗೆ ತಿಳಿದದ್ದು ಹೋದ ವರ್ಷ, ಭಂಡಾರದಲ್ಲಿ ಜೈತುನಬಿಯ ಪುಟ ಸಿಕ್ಕಾಗ.

ಆ ಪುಟದ ಎಲ್ಲ ವರ್ಷಗಳ ಪ್ರತಿಗಳನ್ನೂ ನಾನು ಸಾಲಾಗಿ ಇಟ್ಟು ನೋಡಿದೆ. ಕ್ಲಾಸಿನ ಸಮಯ ಬದಲಾಗಿದೆ, ಫೋನ್ ನಂಬರು ಎರಡು ಸಲ ಬದಲಾಗಿದೆ, ಫೋಟೋದಲ್ಲಿ ಅವಳ ಕೂದಲು ಬೆಳ್ಳಗಾಗಿದೆ. ನಿನ್ನ ಬಗ್ಗೆ ಬರೆದ ಸಾಲು ಮಾತ್ರ ಒಂದಕ್ಷರವೂ ಬದಲಾಗಿಲ್ಲ. ನೀನು ವೆಬ್‌ಸೈಟಿನ ವಿಳಾಸ ಬದಲಿಸಿದ ಮೇಲೆ ಆ ಕೊಂಡಿ ಒತ್ತಿದರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಆದರೂ ಅವಳು ಅದನ್ನು ತೆಗೆಯಲಿಲ್ಲ. ಹತ್ತೊಂಬತ್ತು ವರ್ಷ, ಮುತ್ತಜ್ಜಿ. ನಾನು ಭಂಡಾರದಲ್ಲಿ ಎಲ್ಲರೆದುರು ಅತ್ತೆ.

ಈ ಕಾಗದದಿಂದ ಏನೂ ಬದಲಾಗುವುದಿಲ್ಲ ಎಂದು ಹಿಂದಂಚೆಯವರು ಹೇಳುತ್ತಾರೆ. ಅವರ ಮಾತು ಅವರಿಗಿರಲಿ. ನಾಳೆ ನೂರ ಅರವತ್ತೆರಡನ್ನು ಕಣ್ಣುಮುಚ್ಚಿ ಕಿತ್ತು ಹಾಕು. ಅವಳದನ್ನು ಉಳಿಸು. ಯಂತ್ರಕ್ಕೆ ಹೆದರಿ ಅದನ್ನೂ ಕೀಳಲೇಬೇಕು ಅನ್ನಿಸಿದರೆ ಕೀಳು, ನಿನ್ನ ಅಂಗಡಿ ನಿನ್ನದು. ಆದರೆ ಕೈ ಹಚ್ಚುವ ಮೊದಲು ಹಾನಗಲ್ಲಿಗೆ ಒಂದು ಫೋನು ಮಾಡು. ಬೆಳಿಗ್ಗೆ ಹತ್ತಕ್ಕೆ ಮುಂಚೆ ಮಾಡು, ಹತ್ತಕ್ಕೆ ಅವಳ ಕ್ಲಾಸು ಶುರುವಾಗುತ್ತದೆ.

ನಿನ್ನ
ಸಿರಿಗಂಗಾ