ಬಾಣಂತಿಯ ಸಬ್ಬಸಿಗೆ

ಕೌಜಲಗಿ, ೨೧ ಫೆಬ್ರವರಿ ೧೯೫೫
ಶಾಲೆಗೆ ಹೊರಡುವ ಮುಂಚೆ ಹರವಿಗೆ ನೀರು ಚಿಮುಕಿಸಿದೆ. ನೀರು ತುಂಬುವ ಮಣ್ಣಿನ ಹರವಿ ಒಡೆದು ಉಳಿದ ತಳ, ಹೊಲದ ಮಣ್ಣು, ಸಬ್ಬಸಿಗೆ ಬೀಜ. ತಂಗಿ ರಾಮವ್ವನ ಹೆರಿಗೆ ಏಪ್ರಿಲ್ ಕೊನೆಗೆ. ಬಾಣಂತಿಗೆ ಹಾಲು ಇಳಿಯಲು ಸಬ್ಬಸಿಗೆ ಬೇಕೇ ಬೇಕು. ಆ ಬಿಸಿಲಲ್ಲಿ ಸಂತೆಯಲ್ಲಿ ಹಸಿ ಪಲ್ಯ ಎಲ್ಲಿ ಸಿಗಬೇಕು? ಅಂಗಳದಲ್ಲಿಟ್ಟರೆ ಆಡು, ಕೋಳಿ. ಅದಕ್ಕೇ ಮನೆಯೊಳಗೆ. ಅವ್ವ ಇದ್ದಿದ್ದರೆ ಎಲ್ಲ ಅವಳೇ ನೋಡುತ್ತಿದ್ದಳು. ಈಗ ರಾಮವ್ವನಿಗೆ ತವರು ಅಂದರೆ ನಾನು, ನನ್ನ ಈ ಎರಡು ಖೋಲಿ.

ಪಕ್ಕದ ಮನೆ ಕಾಡವ್ವ ಬಂದು ಹರವಿಯ ಮೇಲೆ ಬುಟ್ಟಿ ಬೋರಲು ಹಾಕಿ ಹೋದಳು. "ಘಟ್ಟದ ಸಸಿಯಂಗ ಕತ್ತಲ್ಯಾಗ ಬರ್ಲಿ ಅಕ್ಕೋರ. ಬಾಣಂತಿ ಪಲ್ಯೆಕ್ಕ ಮಂದಿ ಕಣ್ಣು ಬೀಳಬಾರ್ದು." ನವರಾತ್ರಿಯಲ್ಲಿ ದೇವರ ಮುಂದೆ ಘಟ್ಟ ಹಾಕಿ ಬೆಳೆಸುವ ಸಸಿ ಹಳದಿಯಾದಷ್ಟೂ ಒಳ್ಳೆಯದು ಅಂತಾರೆ. ಸರಿ ಎಂದೆ. ಹಿರಿಯಳು.

೬ ಮಾರ್ಚ್
ಬುಟ್ಟಿ ಎತ್ತಿದೆ. ದಾರದಂತೆ ಉದ್ದ, ಹಳದಿ, ಎಲ್ಲ ಮಲಗಿವೆ. ಉಜ್ಜಿದರೆ ವಾಸನೆಯೇ ಇಲ್ಲ. ಕಾಡವ್ವನಿಗೆ ಖುಷಿಯೋ ಖುಷಿ. "ಬಂಗಾರ ಬಂದಂಗ ಬಂದೈತಿ." ಪೂಜೆಗೆ ಸೈ, ಪಲ್ಯಕ್ಕೆ? ಗಿಡಕ್ಕೆ ಬೆಳಕು ಬೇಕು ಅಂತ ಮೂರನೇ ಇಯತ್ತೆಗೆ ಪಾಠ ಹೇಳುವವಳು ನಾನು. ನನ್ನ ಮೇಲೇ ಸಿಟ್ಟು ಬಂತು. ಕಿತ್ತು ಹೊಸದಾಗಿ ಬಿತ್ತಿದೆ. ಅಡುಗೆಮನೆಯ ಬೆಳಕಿಂಡಿಯ ಕೆಳಗಿಟ್ಟೆ. ಕಾಡವ್ವ ಮುಖ ಊದಿಸಿಕೊಂಡಿದ್ದಾಳೆ.

೧೯ ಮಾರ್ಚ್
ರಾಮವ್ವ ಬಂದಳು. ಗಂಡ ಯಲ್ಲಾರಿ ಮೇಲವಂಕಿಯಿಂದ ಚಕ್ಕಡಿಯಲ್ಲಿ ಕರೆತಂದು ಬಿಟ್ಟುಹೋದ. ಚೊಚ್ಚಲು. ಬಂದವಳೇ ಹರವಿಗೆ ಮೂಗು ಹಚ್ಚಿ ಕೂತಳು. "ಅವ್ವನ ಅಡಗಿ ವಾಸನಿ ಬರಾಕತ್ತೈತಿ ಅಕ್ಕಾ." ಇನ್ನೂ ಬೆರಳುದ್ದವೂ ಆಗಿಲ್ಲ... ಇಬ್ಬರೂ ನಕ್ಕೆವು.

೨ ಏಪ್ರಿಲ್, ಬೆಳಿಗ್ಗೆ
ದಿನ ತುಂಬುವ ಮೊದಲೇ ಹೆತ್ತಳು. ಹೆಣ್ಣು. ತೀರ ಸಣ್ಣದು. ಚೀಪಲು ಬಲವಿಲ್ಲ. ಹಾಲೂ ಇಳಿದಿಲ್ಲ. ಶಾಲೆಗೆ ಲೀವ್ ಬರೆದು ಕಳಿಸಿದೆ.

೩ ಏಪ್ರಿಲ್
ಆಡಿನ ಹಾಲು, ಅರಳೆಯ ಬತ್ತಿಯಲ್ಲಿ. ಮಗು ನುಂಗುತ್ತಿಲ್ಲ. ಸಬ್ಬಸಿಗೆಯ ಎಳೆಕುಡಿ ಚಿವುಟಿ ಬೇಯಿಸಿ ರಾಮವ್ವನಿಗೆ ಕೊಟ್ಟೆ. ಒಂದು ತುತ್ತಿನಷ್ಟು.
"ಹಾಲ ಇಳೀತೈತೇನ ಅಕ್ಕಾ?"
"ಇಳೀತೈತಿ. ತಿನ್ನು."
ಬುಟ್ಟಿಯಡಿ ಹಾಳಾದ ದಿನಗಳನ್ನು ಬೆರಳು ಮಡಚಿ ಎಣಿಸಿದೆ. ಗೋಕಾಕದ ಡಾಕ್ಟರ ಹತ್ತಿರ ಒಯ್ಯಬೇಕು — ಬಸ್ಸು ನಾಳೆಗೇ.

೭ ಏಪ್ರಿಲ್
ಮಗು ಇಲ್ಲ. ನಾಲ್ಕನೇ ತಾರೀಖು ನಸುಕಿನಲ್ಲಿ ಹೋಯಿತು. ಬರೆಯಲಾಗಲಿಲ್ಲ. ಯಲ್ಲಾರಿ ಬಂದ, ಮಣ್ಣು ಮಾಡಿದ, ಹೋದ.

ನಿನ್ನೆ ರಾಮವ್ವನ ಕುಪ್ಪಸ ತೊಯ್ದಿತ್ತು. ಹಾಲು ಇಳಿದಿದೆ. ಈಗ. ದೇವರನ್ನು ಬೈದೆ, ಬಾಯಿಬಿಟ್ಟೇ ಬೈದೆ.

೧೦ ಏಪ್ರಿಲ್
ಕಾಡವ್ವ ಮಲ್ಲಿಗೆ ತಂದಳು. ಎದೆಗೆ ಕಟ್ಟಿದರೆ ಹಾಲು ಬತ್ತುತ್ತದಂತೆ. ರಾಮವ್ವ ಕಟ್ಟಿಸಿಕೊಳ್ಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು.

ಸಂಜೆ ನೋಡುತ್ತೇನೆ, ಅಡುಗೆಮನೆಯಲ್ಲಿ ಹರವಿಯ ಮುಂದೆ ಕೂತು ಹಸಿ ಸಬ್ಬಸಿಗೆ ಜಗಿಯುತ್ತಿದ್ದಾಳೆ. ಅರ್ಧ ಹರವಿ ಬೋಳು.
"ಏನ ಮಾಡಾಕತ್ತೀಯವ್ವಾ?"
"ಹಾಲ ನಿಂತ್ರ ಆಕಿ ಖರೇನ ಹೋದಂಗ. ನಿಲ್ಲಬಾರ್ದು ಅಕ್ಕಾ."
ಪಕ್ಕದಲ್ಲಿ ಕೂತೆ.

೧೩ ಏಪ್ರಿಲ್
ಅವಳ ಎದೆ ಕಲ್ಲಾಗಿದೆ. ಮೈ ಕೆಂಡ. ಗೋಕಾಕಕ್ಕೆ ಕರೆದೊಯ್ದೆ. ಡಾಕ್ಟರು ಇಬ್ಬರನ್ನೂ ಬೈದರು — ಹಾಲು ನಿಲ್ಲಿಸಿ, ಕೀವಾದರೆ ಜೀವಕ್ಕೇ ಕುತ್ತು. ಇವಳನ್ನೂ ಕಳೆದುಕೊಳ್ಳಲು ನನ್ನಿಂದಾಗದು.

೧೪ ಏಪ್ರಿಲ್
ಬೆಳಿಗ್ಗೆ ಕಾಡವ್ವ ಮಲ್ಲಿಗೆ ಕಟ್ಟಿದಳು. ರಾಮವ್ವನ ಕೈ ನಾನು ಹಿಡಿದಿದ್ದೆ. ಈ ಸಲ ಕೊಸರಲಿಲ್ಲ. ಕಟ್ಟಿ ಮುಗಿದ ಮೇಲೆ ಮೆಲ್ಲಗೆ ಹೇಳಿದಳು, "ಆ ಸಬ್ಬಸಗಿ ಕಿತ್ತಬಿಡು ಅಕ್ಕಾ. ಇದ್ರ ನಾ ತಿಂತೇನಿ. ನೀನ ಕೀಳು, ಬ್ಯಾರೇದವ್ರ ಕೈಲೆ ಬ್ಯಾಡ."

ಹರವಿ ಅಂಗಳಕ್ಕೆ ತಂದೆ. ಬೇರು ಸಲೀಸಾಗಿ ಬಂದವು. ನಾನೇ ಜರಡಿ ಹಿಡಿದ ಮಣ್ಣು. ರಾಮವ್ವ ಗೋಡೆ ಹಿಡಿದು ಬಾಗಿಲ ತನಕ ಬಂದು ನಿಂತಳು. ತಲೆ ಎತ್ತದೆ ಕಿತ್ತೆ. ಕೊನೆಯ ಗಿಡಕ್ಕೆ ಕೈ ಹಾಕಿದಾಗ, "ತಡಿ" ಅಂದಳು. ಬಂದು ಪಕ್ಕದಲ್ಲಿ ಕೂತು, ಎರಡೂ ಕೈಯಿಂದ ಅದರ ಬುಡ ಹಿಡಿದಳು. ಕೀಳಲೂ ಇಲ್ಲ, ಬಿಡಲೂ ಇಲ್ಲ. ನಾನು ಅವಳ ಕೈಮೇಲೆ ಕೈ ಇಟ್ಟು ಮೆಲ್ಲಗೆ ಎಳೆದೆ; ಇಬ್ಬರ ಕೈಯಲ್ಲೂ ಅದು ಬೇರುಸಹಿತ ಬಂತು.