ಮೂರು ನಿಮಿಷ ಹನ್ನೊಂದು ಸೆಕೆಂಡು

ಹುಬ್ಬಳ್ಳಿ,
ಗುರುವಾರ, ಫೆಬ್ರವರಿ ೩೦, ೨೧೬೭

‘ಜಾಜ್ ಗೆಳೆಯರು’ ಗುಂಪಿನ ಹತ್ತೊಂಬತ್ತು ಮಂದಿ ಸದಸ್ಯರಿಗೆ ನಿಂಗರಾಜ ಹೊಸಕೇರಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿ, ಯಾವ ತಿಂಗಳಿಗೂ ಸೇರಿಸದೆ, ಮಲಗಿ ಕಳೆಯುತ್ತೇವೆ. ನನ್ನ ಮಾತೂ ನಿಮಗೆ ಅಲ್ಲಲ್ಲಿ ತೊಡಕಾಗಬಹುದು. ಕನ್ನಡ ಮಾಧ್ಯಮದಲ್ಲೇ ಪದವಿ ಮುಗಿಸಿದವನು ನಾನು, ನಿಮ್ಮ ಕಾಲದ ಬರಹಗಳನ್ನು ಓದಿಯೇ ಈ ಕನ್ನಡ ರೂಢಿಸಿಕೊಂಡಿದ್ದೇನೆ. ಆದರೂ ನಮ್ಮ ಬದುಕಿನ ಕೆಲವು ವಸ್ತುಗಳಿಗೆ ನಿಮ್ಮಲ್ಲಿ ಹೆಸರಿಲ್ಲ. ಅಂಥವು ಬಂದಾಗ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ಇನ್ನೊಂದು ಮಾತು. ನಿಮಗೆ ಬರೆಯುತ್ತಿರುವುದು ಧೈರ್ಯದಿಂದಲ್ಲ. ಇಲ್ಲಿ ಯಾರ ಮುಂದೆಯೂ ಹೇಳಲಾಗದ್ದನ್ನು ಸತ್ತವರ ಮುಂದೆ ಹೇಳಿದರೆ ಅವರು ಬೈಯುವುದಿಲ್ಲ ಎಂಬ ಉಪಾಯದಿಂದ. ಕ್ಷಮಿಸಿ, ಇದನ್ನು ಓದುವಾಗ ನೀವಿನ್ನೂ ಸತ್ತಿರುವುದಿಲ್ಲ ಎಂಬುದು ಈಗ ಹೊಳೆಯಿತು. ಬೈಯಬಹುದು.

ಮೊದಲು ನಮ್ಮ ಸಂಗೀತದ ವಿಚಾರ. ನಮ್ಮಲ್ಲಿ ಹೆಚ್ಚುಕಡಿಮೆ ಪ್ರತಿಯೊಬ್ಬರ ಕಿವಿಯ ಹಿಂದೆ ಕಾಳುಮೆಣಸಿನ ಗಾತ್ರದ ಒಂದು ಬೊಟ್ಟು ಇರುತ್ತದೆ, ಕಿವಿಬೊಟ್ಟು ಎನ್ನುತ್ತೇವೆ. ಅದು ನಾಡಿ ನೋಡಿ ಹಾಡು ಹೊಸೆಯುತ್ತದೆ. ಹಲ್ಲುಜ್ಜುವಾಗ ಒಂದು, ಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ಬಾಗಿಲು ಹಾಕಿಕೊಂಡು ಮಲಗುವಾಗ ಒಂದು, ಗಂಡಹೆಂಡಿರ ಜಗಳ ಶುರುವಾದರೆ ಕೂಡಲೇ ಇಬ್ಬರಿಗೂ ಬೇರೆ ಬೇರೆ ಕೊಳಲು. ಒಬ್ಬರ ಹಾಡು ಇನ್ನೊಬ್ಬರಿಗೆ ಕೇಳುವುದಿಲ್ಲ, ಒಮ್ಮೆ ಬಂದದ್ದು ಮತ್ತೆ ಬರುವುದಿಲ್ಲ. ಮೈಯಳತೆಗೆ ಹೊಲಿದ ಅಂಗಿಯ ಹಾಗೆ ಕಿವಿಯಳತೆಗೆ ಹೊಲಿದ ಹಾಡು. ಎಲ್ಲೂ ಬಿಗಿಯುವುದಿಲ್ಲ, ಎಲ್ಲೂ ಚುಚ್ಚುವುದಿಲ್ಲ. ಈ ಸುಖ ಸಾಕಾಗಿಹೋದ ಕೆಲವರು, ಹಿಂದಿನವರು ನುಡಿಸಿಟ್ಟುಹೋದ ಒಂದೇ ಹಾಡನ್ನು ಹಲವರು ಕೇಳುವ ವಿಚಿತ್ರ ಚಟ ಹತ್ತಿಸಿಕೊಂಡಿದ್ದೇವೆ. ಅಂಥವರು ಸೇರುವ ಜಾಗಕ್ಕೆ ಕೇಳುಕಟ್ಟೆ ಎಂದು ಹೆಸರು. ಜಾಗವೆಂದರೆ ಕಲ್ಲುಮಣ್ಣಿನ ಜಾಗವಲ್ಲ. ನಿಮ್ಮ ಫೋನಿನ ಗುಂಪು ಎಲ್ಲಿತ್ತೋ ಇದೂ ಅಲ್ಲೇ ಇದೆ. ವರ್ಷಕ್ಕೊಮ್ಮೆ ಮಾತ್ರ ಮೈಸಮೇತ ಸೇರುತ್ತೇವೆ. ನಮ್ಮದು ಜಾಜ್ ಕಟ್ಟೆ. ತಪ್ಪಿದ ಸ್ವರವನ್ನೇ ಇನ್ನೊಮ್ಮೆ ನುಡಿಸಿ, ಇದೇ ಸರಿ ಎಂದು ಎದುರಿನವರನ್ನು ಒಪ್ಪಿಸಿಬಿಡುವ ಆ ಸಂಗೀತ, ತಪ್ಪೇ ಮಾಡದ ಬೊಟ್ಟು ಹೊತ್ತು ತಿರುಗುವ ನಮಗೆ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ತಿಂದ ಹಾಗೆ.

ನಮ್ಮ ಕಟ್ಟೆಗೊಂದು ಕಟ್ಟಳೆಯಿದೆ. ಹಾಡಿನ ಬಗ್ಗೆ ಬರೆಯುವುದೇನಿದ್ದರೂ ಎರಡೇ ಸಾಲು. ಆ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂಡಲೇಬೇಕು. ಕೂಡದಿದ್ದರೆ ಆ ತಿಂಗಳ ಕಟ್ಟೆಗಾರ ಅದನ್ನು ಕಿತ್ತುಹಾಕುತ್ತಾನೆ. ನಿಮ್ಮ ಕಾಲದ ಗುಂಪುಗಳ ಮೈಲುದ್ದದ ಜಗಳಗಳನ್ನು ಓದಿ ಹೆದರಿದ ನಮ್ಮ ಹಿರಿಯರು ಮಾಡಿದ ನಿಯಮ ಇದು. ಪ್ರಾಸ ಹುಡುಕುವಷ್ಟರಲ್ಲಿ ಸಿಟ್ಟು ಇಳಿಯುತ್ತದೆ ಎಂದು ಅವರ ಎಣಿಕೆ. ಪ್ರಾಸವನ್ನು ಹುಡುಕುವ ಅಗತ್ಯವೇ ಇಲ್ಲದ ನನ್ನಂಥ ಪ್ರಾಣಿ ಮುಂದೆ ಹುಟ್ಟೀತೆಂದು ಪಾಪ ಅವರಿಗೆ ಹೊಳೆದಿರಲಿಲ್ಲ. ಬರೆದದ್ದು ಮೆಚ್ಚುಗೆಯಾದರೆ ಓದಿದವರು ನಿಜವಾಗಿ ತಲೆದೂಗಬೇಕು. ಬೊಟ್ಟು ಅದನ್ನು ಎಣಿಸುತ್ತದೆ. ತೂಕಡಿಸುವವರ ತಲೆಯೂ ಎಣಿಕೆಗೆ ಸೇರುವುದರಿಂದ ಮಧ್ಯಾಹ್ನ ಬರೆದ ದ್ವಿಪದಿಗಳಿಗೆ ಕೀರ್ತಿ ಹೆಚ್ಚು. ಮೊದಲು ಬರೆದವನಿಗೆ ಇನ್ನೂ ಹೆಚ್ಚು. ಆದರೆ ಯಾರು ಹಾಡನ್ನು ಎಷ್ಟು ಕೇಳಿದರು ಎಂಬುದನ್ನು ಮಾತ್ರ ಬೊಟ್ಟು ಎಣಿಸುವುದಿಲ್ಲ. ಕೇಳುಗರನ್ನು ‘ಕೇಳಿದಿರಾ’ ಎಂದು ಕೇಳುವುದು ಅವಮಾನವೆಂದು ಬಿಟ್ಟಿದ್ದಾರೆ.

ಮೂರು ತಿಂಗಳ ಹಿಂದೆ ಅರ್ಸುಲಾ ಡಿಕೋಸ್ತಾ ಎಂಬವರು ಕಟ್ಟೆಗೆ ಒಂದು ಧ್ವನಿಮುದ್ರಣ ತಂದರು. ಎಂಬತ್ತಾರು ವರ್ಷ, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಅಂಥವರನ್ನು ಈಗಲೂ ಬಾಯಾರು ಎನ್ನುತ್ತೇವೆ. ತಮ್ಮ ವಂಶದ ಹಿರಿಯ, ಸಿಪ್ರಿಯನ್ ಎಂಬವರು, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಹಗಲು ಫಿಟ್ಟರ್ ಆಗಿದ್ದು ಶನಿವಾರ ಸಂಜೆ ಕಾಲೊನಿಯ ಕುಣಿತದ ಹಾಲ್‌ನಲ್ಲಿ ಜಾಜ್ ನುಡಿಸುತ್ತಿದ್ದರೆಂದೂ, ಅವರ ಕಾರ್ನೆಟ್, ಎಂದರೆ ತುತ್ತೂರಿಯ ಗಿಡ್ಡ ತಮ್ಮ, ಇದರಲ್ಲಿ ಕೇಳುತ್ತದೆಂದೂ ತಿಳಿಸಿದರು. ಮೂರು ನಿಮಿಷ ಹನ್ನೊಂದು ಸೆಕೆಂಡು. ನಾನು ಹಚ್ಚಿದೆ. ಹತ್ತು ಸೆಕೆಂಡು ಬರೀ ಚಟಪಟ, ಮಳೆ ಹನಿದ ಹಾಗೆ. ಅಷ್ಟರಲ್ಲಿ ಮೊದಲ ಸಾಲು ಬಂದು ಬಾಗಿಲಲ್ಲಿ ನಿಂತಿತ್ತು. ಹಾಡು ನಿಲ್ಲಿಸಿದೆ, ಬರೆದೆ:

ಹಳ್ಳ ಬತ್ತಿದ ಹುಬ್ಬಳ್ಳಿಯಲಿ ಹರಿದಿತ್ತೆ ಜಾಜಿನ ಹೊಳೆ?
ಸುಳ್ಳು ತುತ್ತೂರಿಗೆ ತಾಳ ಹಾಕಿದೆ ಹಳೆ ಟೇಪಿನ ಮಳೆ!

ಬಾಯಾರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನ್ನಿಸಿರಲಿಲ್ಲ. ಏನೂ ಅನ್ನಿಸಿರಲಿಲ್ಲ. ‘ಹಳ್ಳ’ಕ್ಕೆ ಜೋಡಿ ಬೇಕಿತ್ತು, ‘ಸುಳ್ಳು’ ಬಂತು. ‘ಒಳ್ಳೆಯ’ ಕೂಡ ಅಲ್ಲೇ ಪಕ್ಕದಲ್ಲಿ ನಿಂತಿತ್ತು, ಅದನ್ನು ಕರೆಯಲಿಲ್ಲ. ನಾನೂರ ಹನ್ನೆರಡು ತಲೆಗಳು ತೂಗಿದವು. ಮಿಕ್ಕವರು ನನ್ನ ಮಳೆಯಲ್ಲಿ ನೆನೆದು ಕುಣಿದರು. ಒಬ್ಬ ‘ಬಾಯಾರ, ಛತ್ರಿ ತಗೊಂಡ ಬರ್ರಿ’ ಎಂಬುದನ್ನೇ ಪ್ರಾಸಕ್ಕೆ ಕೂರಿಸಿದ, ಇನ್ನೊಬ್ಬ ಕಪ್ಪೆಯನ್ನು ತಂದ. ಆಗ ಬಾಯಾರು ಬರೆದರು: ‘ನಮ್ಮ ಹಿರ್ಯಾರು ಸುಳ್ಳು ಹೇಳೂ ಮಂದಿ ಅಲ್ರಿ. ಅಕ್ಕಾರ, ಅಣ್ಣಾರ, ನಿಮ್ಮೊಳಗ ಯಾರರೆ ಪೂರ್ತಿ ಕೇಳೀರೇನು?’ ಇದರಲ್ಲಿ ಪ್ರಾಸವಿರಲಿಲ್ಲ. ಆ ತಿಂಗಳ ಕಟ್ಟೆಗಾರ ಅದನ್ನು ಕಿತ್ತುಹಾಕಿದ. ಆ ತಿಂಗಳ ಕಟ್ಟೆಗಾರ ನಾನು. ಮರುದಿನ ಕಟ್ಟೆಯ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ನಾಚಿಕೆಯನ್ನು ನುಂಗಿ ನೀರು ಕುಡಿಯುವ ಅಭ್ಯಾಸ ಇದ್ದೇ ಇದೆ. ಹದಿನೈದು ದಿನದ ಹಿಂದೆ, ರೊಟ್ಟಿ ಕೇಂದ್ರದ ಸಾಲಿನಲ್ಲಿ ನಿಂತಿದ್ದೆ. (ರೊಟ್ಟಿ ಈಗಲೂ ಜೋಳದ್ದೇ, ಬಡಿಯುವುದು ಮಾತ್ರ ಯಂತ್ರ, ನಮ್ಮ ಅಜ್ಜಿಯಂದಿರು ಅದನ್ನು ರೊಟ್ಟಿಯೆಂದು ಒಪ್ಪುವುದಿಲ್ಲ.) ಹೆಸರು ಕೂಗಿದರು, ಹೋಗಿ ತೆಗೆದುಕೊಂಡೆ. ಹಿಂದಿನಿಂದ ಒಂದು ದನಿ: ‘ನೀವ ಏನ್ರೀ ಆ ಮಳಿ ಕವಿಗಳು?’

ಗಿಡ್ಡ ಹೆಂಗಸು, ಕೈಯಲ್ಲಿ ಚೀಲ, ಕಿವಿಯ ಹಿಂದೆ ಬೊಟ್ಟಿಲ್ಲ. ಅರ್ಸುಲಾ ಬಾಯಾರೇ ಎಂದು ಹೊಳೆದು ನಾನು ತಡವರಿಸಿ, ಆ ಸಾಲುಗಳು ಬರಬಾರದಿತ್ತು, ಪ್ರಾಸದ ಚಪಲಕ್ಕೆ ಬಂದವು, ತಪ್ಪಾಯಿತು ಎಂದೆ. ಅವರು ನಕ್ಕರು. ‘ಪ್ರಾಸ ಚಲೋ ಇತ್ತು ಬಿಡ್ರಿ. ನಾ ಸಾಲ್ಯಾಗ ಇದ್ದಿದ್ರ ಹತ್ತಕ್ಕ ಏಳು ಕೊಡ್ತಿದ್ದೆ. ಅದಿರ್ಲಿ, ಎರಡನೇ ನಿಮಿಷಕ್ಕ ಬರೂದು ಹೆಂಗನಿಸ್ತು?’

ಅಷ್ಟು ದೂರ ಕೇಳಿಯೇ ಇಲ್ಲವೆಂದು ಅಲ್ಲೇ ಹೇಳಬಹುದಿತ್ತು. ಹಿಂದೆ ನಿಂತವರು ರೊಟ್ಟಿಗಾಗಿ ತಳ್ಳುತ್ತಿದ್ದರು, ನನ್ನ ಬಾಯಿ ತಾನಾಗಿ ತೆರೆಯಿತು: ‘ಅದಂತೂ ಅದ್ಭುತ ಬಿಡ್ರಿ ಬಾಯಾರ.’

ಅವರು ಚೀಲ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದರು. ‘ಹಂಗಾರ ಒಬ್ಬರರೆ ಕೇಳೀರಿ! ನಾ ಸುಮ್ಮನ ಸಿಟ್ಟಾಗಿದ್ದೆ ನೋಡ್ರಿ.’ ಸಂಜೆಯ ಹೊತ್ತಿಗೆ ಪಟ್ಟಿಯಲ್ಲಿ ಅವರ ಹೆಸರು ಮತ್ತೆ ಕಾಣಿಸಿತು. ನಾಡಿದ್ದು ಶನಿವಾರ ನಮ್ಮ ವಾರ್ಷಿಕ ಕೂಟ. ಅಲ್ಲಿ ಸಿಪ್ರಿಯನ್ನರ ಎರಡನೆಯ ನಿಮಿಷದ ಬಗ್ಗೆ ‘ಅದನ್ನು ಗುರುತಿಸಿದ ಒಬ್ಬರೇ ಒಬ್ಬರಾದ ಶ್ರೀ ಹೊಸಕೇರಿಯವರು’ ಮಾತಾಡಬೇಕೆಂದು ಬಾಯಾರೇ ಸೂಚಿಸಿದ್ದಾರೆ. ಎಲ್ಲರೂ ತಲೆದೂಗಿದ್ದಾರೆ, ಎಚ್ಚರವಾಗಿದ್ದೇ ತೂಗಿದ್ದಾರೆ.

ರೊಟ್ಟಿ ಸಾಲಿನಿಂದ ಮನೆಗೆ ಬಂದವನು ಬೊಟ್ಟಿನ ಉಳಿದ ಸದ್ದನ್ನೆಲ್ಲ ಆರಿಸಿ, ಕೊನೆಗೂ, ಕೇಳಿದೆ. ಚಟಪಟ ಇರುವುದು ಮೊದಲ ಹದಿನೈದು ಸೆಕೆಂಡು. ಆಮೇಲೆ ಡ್ರಮ್ಮು, ಪಿಯಾನೋ, ಕಾರ್ನೆಟ್. ಸಾಧಾರಣ ನಡೆಯ, ಕೊಂಚ ಅವಸರದ ಒಂದು ಕುಣಿತದ ಹಾಡು. ಎರಡನೆಯ ನಿಮಿಷಕ್ಕೆ ಕಾರ್ನೆಟ್ ಆ ಹಾಡನ್ನು ಬಿಟ್ಟು ಇಳಿಯುತ್ತದೆ. ನಮ್ಮ ಕಡೆ ತೊಟ್ಟಿಲು ತೂಗುವ ಹೆಂಗಸರ ಧಾಟಿ. ಸಂದೇಹವೇ ಇಲ್ಲ, ನನ್ನ ತಾಯಿ ನನ್ನ ತಮ್ಮನಿಗೆ ಹಾಡಿದ್ದು, ಎಳೆತವೂ ಅದೇ, ಕೊನೆಗೆ ಕುತ್ತಿಗೆ ಹೊರಳಿಸುವ ತಿರುವೂ ಅದೇ. ಪಿಯಾನೋದವನು ಗಾಬರಿಯಾಗಿ ನಿಂತೇಬಿಡುತ್ತಾನೆ. ಡ್ರಮ್ಮಿನವನು ಎರಡು ಪೆಟ್ಟು ತಪ್ಪುತ್ತಾನೆ, ಆಮೇಲೆ ಕೋಲು ಬಿಟ್ಟು ಕುಂಚದಿಂದ ಸವರತೊಡಗುತ್ತಾನೆ, ತೊಟ್ಟಿಲ ಹಗ್ಗ ಕಿರುಗುಟ್ಟಿದ ಹಾಗೆ. ಹಾಲ್‌ನಲ್ಲಿ ಯಾರೋ ಹೆಂಗಸು ನಗುತ್ತಾಳೆ. ಇದು ಹುಬ್ಬಳ್ಳಿಯದು ಹೌದೋ ಅಲ್ಲವೋ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಎರಡು ನಿಮಿಷ ಸುಮ್ಮನೆ ಕೂತಿದ್ದರೆ ಸಾಕಿತ್ತು.

ನಿಮಗೇ ಏಕೆ ಬರೆಯುತ್ತಿದ್ದೇನೆಂದರೆ, ಈ ಮುದ್ರಣ ಉಳಿದದ್ದೇ ನಿಮ್ಮಿಂದ. ಮನೆಯಲ್ಲಿದ್ದ ಹಳೆಯ ಟೇಪಿನಿಂದ ಫೋನಿಗಿಳಿಸಿ ನಿಮ್ಮ ಗುಂಪಿಗೆ ಹಾಕಿದವರು ಡೆರಿಕ್ ಡಿಕೋಸ್ತಾ, ಅರ್ಸುಲಾ ಬಾಯಾರ ಮುತ್ತಜ್ಜ. ನಿಮ್ಮ ಹರಟೆಯೆಲ್ಲ ನಮ್ಮ ಭಂಡಾರದಲ್ಲಿದೆ. ಡೆರಿಕ್ ಹಾಕಿದ್ದು ಬೆಳಿಗ್ಗೆ ಏಳು ನಲವತ್ತೆರಡಕ್ಕೆ. ಅದರ ಕೆಳಗೆ ಏಳು ಮಂದಿಯ ಮಾತಿದೆ: ಎರಡು ‘ವಾಹ್’, ಮೂರು ಕೈಮುಗಿದ ಚಿತ್ರ, ಒಂದು ‘ಶಬ್ದ ಸ್ಪಷ್ಟವಿಲ್ಲ ಸರ್’, ಒಂದು ಗುಲಾಬಿ ಹೂವಿನ ಶುಭೋದಯ. ಏಳಕ್ಕೂ ವೇಳೆ ಏಳು ನಲವತ್ಮೂರು. ಹಾಡಿನ ಉದ್ದ ಮೂರು ನಿಮಿಷ ಹನ್ನೊಂದು ಸೆಕೆಂಡು. ಇದನ್ನು ಕಂಡಾಗ ಮನೆತನದ ಫೋಟೊದಲ್ಲಿ ನನ್ನದೇ ಮೂಗು ಕಂಡಂತಾಯಿತು. ನನ್ನ ರಕ್ತದ ಹಿರಿಯರು ಯಾರೋ ಏನೋ, ನನ್ನ ತಪ್ಪಿನ ಹಿರಿಯರು ನೀವು.

ಶನಿವಾರ ಏನು ಮಾಡಲಿ? ನಿಜ ಹೇಳಿದರೆ ಬಾಯಾರು ಮತ್ತೆ ಎದ್ದು ಹೋಗುತ್ತಾರೆ. ಹೇಳದಿದ್ದರೆ, ಅವರನ್ನು ಸುಳ್ಳಿ ಎಂದವನೇ ಸುಳ್ಳಿನ ಮೇಲೆ ನಿಂತು ಅವರ ಹಿರಿಯನನ್ನು ಹೊಗಳಬೇಕು. ಭಾಷಣ ಬರೆದಿಟ್ಟಿದ್ದೇನೆ. ಚೆನ್ನಾಗಿಯೇ ಇದೆ. ಅದೇ ಹೆದರಿಕೆ.

ಶುಕ್ರವಾರ, ಮಾರ್ಚ್ ೧

ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ. ಇವತ್ತು ಬಿಸಿಲೇರುವ ಮೊದಲೇ ಬಾಯಾರ ಮನೆಗೆ ಹೋದೆ. ನಿಮಗೆ ಹೇಳಿ ಬಾಯಿ ಅಭ್ಯಾಸವಾಗಿತ್ತೋ ಏನೋ, ಹೊಸ್ತಿಲಲ್ಲೇ ಹೇಳಿಬಿಟ್ಟೆ: ದ್ವಿಪದಿ ಬರೆದಾಗ ಹತ್ತು ಸೆಕೆಂಡು ಮಾತ್ರ ಕೇಳಿದ್ದೆ, ರೊಟ್ಟಿ ಸಾಲಿನಲ್ಲಿ ಅದ್ಭುತ ಎಂದಾಗಲೂ ಅಷ್ಟೇ ಕೇಳಿದ್ದೆ, ಪೂರ್ತಿ ಕೇಳಿದ್ದು ಆಮೇಲೆ. ಕಿತ್ತುಹಾಕಿದ ಕೈಯೂ ನನ್ನದೇ.

ಬಾಯಾರು ನನ್ನ ಚಪ್ಪಲಿ ನೋಡುತ್ತ, ‘ನನಗ ಅನಿಸಿತ್ತು. ಅದ್ಭುತ ಅಂದ್ರಿ. ಕೇಳಿದಾಂವ ಅದ್ಭುತ ಅನ್ನೂದಿಲ್ಲ, ನಗತಾನ. ಆದ್ರ ನಂಬೂದ ಬೇಕಾಗಿತ್ತು ನನಗ. ಎಂಬತ್ತಾರು ವರ್ಷಕ್ಕ ಇನ್ನೇನ ಬೇಕಿರ್ತದ ಹೇಳ್ರಿ?’ ಎಂದರು.

ನಾನು ಹೊರಡಲು ತಿರುಗಿದೆ. ‘ಎಲ್ಲಿ ಹೊಂಟ್ರಿ? ಕುಂದರ್ರಿ. ನನ್ನ ಮುಂದ ಕೇಳ್ರಿ.’

ಹಳೆಯದೊಂದು ಪೆಟ್ಟಿಗೆಯಲ್ಲಿ ಹಾಡು ಹಚ್ಚಿದರು, ಇಬ್ಬರ ಕಿವಿಗೂ ಒಟ್ಟಿಗೆ ಬೀಳುವ ಹಾಗೆ. ಎರಡನೆಯ ನಿಮಿಷ ಬಂದಾಗ ಬಾಯಾರ ಕೈ ತಾನಾಗಿ ಇಲ್ಲದ ತೊಟ್ಟಿಲನ್ನು ತೂಗಿತು. ಡ್ರಮ್ಮಿನವನು ಪೆಟ್ಟು ತಪ್ಪಿದಲ್ಲಿ ನನಗೆ ನಗು ಬಂತು. ಅವರು ಅದನ್ನು ನೋಡಿದರು, ನಗಲಿಲ್ಲ.

ಮುಗಿದ ಮೇಲೆ ಹೇಳಿದರು: ‘ನಾಳೆ ಭಾಷಣ ಗೀಷಣ ಬ್ಯಾಡ. ಎದ್ದು ನಿಂತು, ಕೇಳಿರಲಿಲ್ಲ ಅಂತ ಹೇಳ್ರಿ. ಒಂದ ಮಾತು, ಪ್ರಾಸ ಇಲ್ಲದ್ದು. ಆಮ್ಯಾಲ ಕುಂತು ಕೇಳ್ರಿ. ಉಳಿದದ್ದು ನಾ ಹೇಳ್ತೀನಿ.’ ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಬಾಗಿಲವರೆಗೆ ಬಂದಾಗ ಡೆರಿಕ್ಕರ ಬಗ್ಗೆ ಅವರ ಮನೆಯಲ್ಲಿ ನಡೆದುಬಂದ ಮಾತೊಂದನ್ನು ಹೇಳಿದರು. ಟೇಪು ಹಾಕಿದ ಮೇಲೆ ಡೆರಿಕ್ ನಾಲ್ಕು ದಿನ ಫೋನು ಕೈಯಲ್ಲೇ ಹಿಡಿದು ಓಡಾಡಿದರಂತೆ, ಆ ತೊಟ್ಟಿಲ ಧಾಟಿಯನ್ನು ಯಾರಾದರೂ ಗುರುತಿಸಿಯಾರೆಂದು. ಐದನೆಯ ದಿನ ಗುಂಪು ಬಿಟ್ಟರು. ಆಮೇಲೆ ಆ ಟೇಪನ್ನು ಮನೆಯಲ್ಲಿ ಯಾರೂ ಹಚ್ಚಲಿಲ್ಲವಂತೆ.

ನಮ್ಮಲ್ಲಿ ಹಿಂದಿನ ಕಾಲಕ್ಕೆ ಪತ್ರ ಒಯ್ಯುವ ಒಂದು ಅಂಚೆಯಿದೆ, ಹಿಂದೋಲೆ ಎಂದು. ಉತ್ತರ ತರುವುದಿಲ್ಲ, ಆದರೆ ತಲುಪುವ ದಿನವನ್ನು ನಾವೇ ಬರೆಯಬಹುದು. ಈ ಓಲೆಗೆ ನಾನು ಆರನೆಯ ದಿನವನ್ನು ಬರೆದಿದ್ದೇನೆ. ಡೆರಿಕ್ ಗುಂಪು ಬಿಟ್ಟು ಒಂದೇ ದಿನವಾಗಿದೆ; ಅವರ ನಂಬರು ಇನ್ನೂ ನಿಮ್ಮೆಲ್ಲರ ಫೋನಿನಲ್ಲಿದೆ. ದಯವಿಟ್ಟು ಮೊದಲು ಕೇಳಿ, ಕೊನೆಯವರೆಗೆ. ಆಮೇಲೆ ನಿಮ್ಮಲ್ಲಿ ಒಬ್ಬರಾದರೂ ಅವರಿಗೆ ಫೋನು ಮಾಡಿ.