ಸೊಟ್ಟ ಕಿರುಬೆರಳು

ಮಾರ್ಚ್ ೧೪, ಗುರುವಾರ
ಮಧ್ಯಾಹ್ನ ಮೂರು ಗಂಟೆ

ನನ್ನ ಮುದ್ದು ಅಮ್ಮನಿಗೆ ಬಾಯಿ ಮುಚ್ಚದ ನಿನ್ನ ರೇಡಿಯೊದಿಂದ ನೂರೊಂದು ಅಪ್ಪುಗೆಗಳು.

ಕಾಗದ ನೋಡಿ ಗಾಬರಿಯಾಗಬೇಡ, ಇಬ್ಬರೂ ಚೆನ್ನಾಗಿದ್ದೇವೆ. ಐದು ದಿನದಿಂದ ಫೋನ್ ಮಾಡಿದಾಗಲೆಲ್ಲ ನೀನು 'ಊಟ ಆಯ್ತಾ, ಬಟ್ಟೆ ಒಣಗ್ತಾ' ಅಂತ ಎರಡು ಮಾತು ಕೇಳಿ ಇಟ್ಟುಬಿಡುತ್ತಿದ್ದೀಯ. ಅದಕ್ಕೇ ಬರೆಯುತ್ತಿದ್ದೇನೆ. ಇಂಗ್ಲಿಷ್ ಸ್ಕೂಲಿಗೆ ಹಾಕಿ ನನ್ನ ಕನ್ನಡ ಕೆಡಿಸಿದೆ ಎಂದು ಕೊರಗುತ್ತಿದ್ದೆಯಲ್ಲ, ತಪ್ಪಿದ್ದಲ್ಲಿ ಕೆಂಪು ಪೆನ್ನಿನಲ್ಲಿ ತಿದ್ದು. ಕಾಗುಣಿತಕ್ಕಿಂತ ದೊಡ್ಡ ತಪ್ಪುಗಳೂ ಸಿಗುತ್ತವೆ.

ಮೊದಲು ಮನೆಯ ಸುದ್ದಿ. ಅಮ್ಮಾ, ಎಷ್ಟು ಖುಷಿಯಾಗಿದ್ದೇನೆ ಗೊತ್ತಾ! ಇರುವುದು ಎರಡೇ ಕೋಣೆ, ಅದರ ತುಂಬ ಡಬ್ಬಿಗಳು. ಸೋಪಿನ ಡಬ್ಬಿಯಲ್ಲಿ ಗುಂಡಿಗಳು, ಬಿಸ್ಕತ್ತಿನ ಡಬ್ಬಿಯಲ್ಲಿ ಉತ್ತರ ಪತ್ರಿಕೆಗಳು, ಪೌಡರ್ ಡಬ್ಬಿಯಲ್ಲಿ ಪೌಡರ್ ಒಂದನ್ನು ಬಿಟ್ಟು ಉಳಿದೆಲ್ಲವೂ. ಇವರು (ಹೀಗೆ ಬರೆಯುವಾಗ ಈಗಲೂ ಪೆನ್ನು ನಾಚುತ್ತದೆ) ಕಾಲೇಜಿನಿಂದ ಬಂದವರೇ ಶೂ ಕೂಡ ಬಿಚ್ಚದೆ ಹಳೆಯ ಜಾಹೀರಾತುಗಳ ಮುಂದೆ ಕುಳಿತುಬಿಡುತ್ತಾರೆ. ಹೆಂಡತಿಗೆ ಒಂದು ನೋಟ, ಬೂಟ್ ಪಾಲಿಶ್ ಡಬ್ಬಿಗೆ ಹತ್ತು ನೋಟ. ಉಳಿದವರು ಹನಿಮೂನಿಗೆ ಹೋಗಿ ಸಮುದ್ರ ನೋಡುತ್ತಾರೆ, ನಾವು ನಾಲ್ಕು ಊರಿನ ಹಳೇ ಸಾಮಾನಿನ ಅಂಗಡಿಗಳನ್ನು ನೋಡಿದೆವು. ಒಬ್ಬ ಅಂಗಡಿಯಾತ ನನ್ನ ಹೊಸ ಬಟ್ಟೆಯನ್ನೂ ಇವರ ಧೂಳು ಹಿಡಿದ ಚೀಲವನ್ನೂ ನೋಡಿ, 'ಏನಮ್ಮಾ, ಮದುವೆ ಆಗಿದ್ದೀರೋ, ಗುಜರಿ ವ್ಯಾಪಾರಕ್ಕೆ ಇಳಿದಿದ್ದೀರೋ?' ಎಂದು ಕೇಳಿಯೇಬಿಟ್ಟ. ವಾಪಸ್ ಬರುವಾಗ ರೈಲಿನಲ್ಲಿ ಒಂದು ಟೀ ಡಬ್ಬಿಯನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಬಂದರು.

ಸಾಕು. ರೇಡಿಯೊ ಹೀಗೆ ಒದರುತ್ತಲೇ ಇದ್ದರೆ ಶನಿವಾರದ ಮಾತು ಬರುವುದೇ ಇಲ್ಲ.

ಹಳೇ ಜಾಹೀರಾತುಗಳ ಬಗ್ಗೆ ಕಾಲೇಜಿನಲ್ಲಿ ಇವರು ಕೊಟ್ಟ ಉಪನ್ಯಾಸಕ್ಕೆ ನಿನ್ನನ್ನು ಕರೆದದ್ದು ನಾನಲ್ಲ, ಇವರೇ. 'ಅತ್ತೆ ಪ್ರೆಸ್ಸಿನಲ್ಲಿ ಇದ್ದವರಲ್ವಾ, ಅವರಿಗೆ ಇಷ್ಟವಾಗುತ್ತೆ' ಅಂದರು. ನಾನು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ನೀನು ಕಂದು ಶಾಲು ಹೊದ್ದು ಮೂರನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕುಳಿತೆ. ನಾನು ಮುಂದಿನ ಸಾಲಿನಲ್ಲಿ, ಪ್ರೊಫೆಸರುಗಳ ಹೆಂಡತಿಯರ ಮಧ್ಯೆ ಕುಳಿತೆ. ನಿನ್ನನ್ನು ಪಕ್ಕಕ್ಕೆ ಕರೆಯಬೇಕು ಅಂತ ಒಮ್ಮೆ ಅನ್ನಿಸಿತು. ಕರೆಯಲಿಲ್ಲ.

ಇವರು ಒಂದೊಂದಾಗಿ ಹನ್ನೆರಡು ಸ್ಲೈಡ್ ತೋರಿಸಿದರು. ಸೋಪು ಹಿಡಿದ ಕೈ, ಟೀ ಕಪ್ಪು ಹಿಡಿದ ಕೈ, ಪೌಡರ್ ಹಚ್ಚುವ ಕೈ, ಬಲ್ಬು ಎತ್ತಿ ತೋರಿಸುವ ಕೈ. ಮುಖಗಳು ಬೇರೆ ಬೇರೆ, ಕಂಪನಿಗಳು ಬೇರೆ ಬೇರೆ, ಆದರೆ ಎಲ್ಲ ಕೈಗಳಲ್ಲೂ ಕಿರುಬೆರಳ ತುದಿ ಒಂದೇ ರೀತಿ ಒಳಕ್ಕೆ ಸೊಟ್ಟ. 'ಯಾರದೋ ನಿಜವಾದ ಕೈ ನೋಡಿ ಬರೆದಿದ್ದರೆ ಒಂದು ಕೈಯ ಬೆರಳಷ್ಟೇ ಸೊಟ್ಟ ಇರಬೇಕಿತ್ತು. ಇಲ್ಲಿ ಎಡಗೈಯದೂ ಸೊಟ್ಟ, ಬಲಗೈಯದೂ ಸೊಟ್ಟ. ಅಂದರೆ ಇದು ನೋಡಿ ಬರೆದದ್ದಲ್ಲ, ಒಂದು ತಪ್ಪನ್ನೇ ನಕಲು ಮಾಡುತ್ತಾ ಹೋದದ್ದು' ಎಂದು ವಿವರಿಸಿದರು. ಆಮೇಲೆ ಸಭೆಯನ್ನು ನಗಿಸಲು, 'ಆ ಚಿತ್ರಕಾರನ ಬೀದಿಯಲ್ಲಿ ನೆಟ್ಟಗಿನ ಕಿರುಬೆರಳು ಯಾರಿಗೂ ಇರಲಿಲ್ಲವೋ ಏನೋ' ಅಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ ಅಮ್ಮಾ. ಎಲ್ಲರಿಗಿಂತ ಜೋರಾಗಿ ನಕ್ಕೆ. ಹೊಸ ಹೆಂಡತಿ ಗಂಡನ ಜೋಕಿಗೆ ನಗಬೇಕಲ್ಲ ಎಂದು ನಕ್ಕೆ. ನನ್ನ ನಗು ಸಾವಿರ ಜನರ ಮಧ್ಯೆಯೂ ನಿನಗೆ ಗುರುತು ಸಿಗುತ್ತದೆ. ತಿರುಗಿ ನೋಡಿದಾಗ ನೀನು ಪರದೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದೆ. ನಿನ್ನ ಎಡಗೈ ಮೆಲ್ಲಗೆ ಶಾಲಿನ ಒಳಗೆ ಹೋಯಿತು.

ಆ ಪ್ರೆಸ್ಸಿನ ಮಹಡಿ ನನಗೆ ಗೊತ್ತಿಲ್ಲವೇ? ಸ್ಕೂಲು ಬಿಟ್ಟ ಮೇಲೆ ನಿನ್ನ ಮೇಜಿನ ಕೆಳಗೆ ಕುಳಿತೇ ಅಲ್ಲವೇ ನಾನು ಹೋಂವರ್ಕ್ ಮಾಡುತ್ತಿದ್ದದ್ದು? ಕಿಟಕಿಯ ಬಳಿ ಮುಖಗಳನ್ನು ಬರೆಯುವ ಮುಖದ ಮೇಷ್ಟ್ರು, ನಡುವೆ ಅಕ್ಷರ ಬರೆಯುವ ಅಕ್ಷರದಣ್ಣ, ಮೂಲೆಯಲ್ಲಿ ಕೈಗಳನ್ನು ಮಾತ್ರ ಬರೆಯುವ ನೀನು. ಯಾರ ಲೇಬಲ್ ಆದರೂ ಕೈ ಬಂತೆಂದರೆ 'ಕೈಯಕ್ಕನ ಹತ್ರ ಕಳಿಸಿ' ಅನ್ನುತ್ತಿದ್ದರು. ಸಹಿ ಮಾತ್ರ ಮುಖದ ಮೇಷ್ಟ್ರದು. ಮುದ್ರಣದ ಉರುಳೆಗೆ ಸಿಕ್ಕಿ ನಿನ್ನ ಎಡಗೈಯ ಕಿರುಬೆರಳು ಸೊಟ್ಟಗಾದದ್ದು ನಾನು ಹುಟ್ಟುವ ಮೊದಲು. ಆದರೂ ನೀನು ಆ ಕೈಯನ್ನೇ ಎದುರಿಗಿಟ್ಟುಕೊಂಡು ಬಲಗೈಯಲ್ಲಿ ಬರೆಯುತ್ತಿದ್ದೆ. ಬೇರೆಯವರ ಕೈ ನೋಡಿ ಬರೆಯಬಾರದಾ ಎಂದು ನಾನು ಕೇಳಿದಾಗ, 'ಎಲ್ಲರ ಕೈಗೂ ಕೆಲಸ ಇದೆ ಕಣೇ, ಖಾಲಿ ಇರೋದು ಇದೊಂದೇ' ಅಂದಿದ್ದೆ. ಲೇಬಲ್ಲಿಗೆ ಬಲಗೈ ಬೇಕಾದಾಗ ಡ್ರಾಯರಿನಿಂದ ದುಂಡು ಕನ್ನಡಿ ತೆಗೆದು ಅದೇ ಎಡಗೈಯನ್ನು ಅದರಲ್ಲಿ ನೋಡಿ ಬರೆಯುತ್ತಿದ್ದೆ. ಆ ಕನ್ನಡಿಯನ್ನು ಅಲುಗಾಡದಂತೆ ಹಿಡಿಯುತ್ತಿದ್ದದ್ದು ನಾನೇ.

ಅಷ್ಟು ದೊಡ್ಡ ಸಭೆಯಲ್ಲಿ ಇವರಿಗೆ ಉತ್ತರ ಹೇಳಬಲ್ಲವರು ಇಬ್ಬರೇ ಇದ್ದೆವು. ಇಬ್ಬರೂ ಸುಮ್ಮನಿದ್ದೆವು. ನೀನು ಸುಮ್ಮನಿದ್ದದ್ದು ನನಗೋಸ್ಕರ. ನಾನು ಸುಮ್ಮನಿದ್ದದ್ದೂ ನನಗೋಸ್ಕರವೇ.

ಆಮೇಲೆ ಚಹಾದ ಹೊತ್ತಿನಲ್ಲಿ ಇವರ ವಿಭಾಗದ ಮುಖ್ಯಸ್ಥೆ, 'ನೀವು ಏನು ಮಾಡ್ಕೊಂಡಿದ್ರಿ?' ಎಂದು ನಿನ್ನನ್ನು ಕೇಳಿದರು. ನೀನು ಒಮ್ಮೆ ನನ್ನ ಮುಖ ನೋಡಿ, 'ಪ್ರೆಸ್ಸಲ್ಲಿ ಇದ್ದೆ' ಎಂದಷ್ಟೇ ಹೇಳಿದೆ. ಅವರು 'ಓ, ಎಡಿಟರ್!' ಅಂದರು. ನೀನು ನಕ್ಕೆ. ಕಪ್ಪನ್ನು ಬಲಗೈಯಲ್ಲೇ ಹಿಡಿದಿದ್ದೆ, ಬಿಸ್ಕತ್ತು ಕೊಟ್ಟರೆ ಬೇಡ ಅಂದೆ. ಇನ್ನೊಂದು ಕೈಯನ್ನು ಹೊರಗೆ ತೆಗೆಯಬೇಕಾಗುತ್ತಿತ್ತಲ್ಲ. ನಾನು ಆಚೆ ತಿರುಗುವಷ್ಟರಲ್ಲಿ ನೀನು ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋಗಿದ್ದೆ.

ಎಡಿಟರ್ ಎಂಬ ಸುಳ್ಳನ್ನು ನಾನು ಹೇಳಿಲ್ಲ. ಮದುವೆಯ ಮಾತುಕತೆಯಲ್ಲಿ ಅಮ್ಮ ಪ್ರೆಸ್ಸಿನಲ್ಲಿದ್ದರು ಅಂದೆ, ಅವರ ಮನೆಯಲ್ಲಿ ಎಲ್ಲರೂ ಓದಿದವರು, ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡರು. ನಾನು ತಿದ್ದಲಿಲ್ಲ. ಇದು ಎಲ್ಲಿ ಶುರುವಾಯಿತು ಎಂದು ಯೋಚಿಸಿದರೆ ನಾಲ್ಕನೆಯ ಕ್ಲಾಸು ನೆನಪಾಗುತ್ತದೆ. ಫಾರಂನಲ್ಲಿ ತಾಯಿಯ ಉದ್ಯೋಗದ ಎದುರು 'ಚಿತ್ರಕಲಾವಿದೆ' ಎಂದು ಬರೆದಿದ್ದೆ. ಟೀಚರ್ ಎಲ್ಲಿ ಪ್ರದರ್ಶನ ಮಾಡಿದ್ದಾರೆ ಎಂದು ಕೇಳಿದರು. ಸೋಪಿನ ಮೇಲೆ ಅಂದೆ. ಇಡೀ ಕ್ಲಾಸು ನಕ್ಕಿತು. ಮಾರನೆಯ ದಿನ ರಬ್ಬರಿನಿಂದ ಅದನ್ನು ಅಳಿಸಿ 'ಗೃಹಿಣಿ' ಎಂದು ಬರೆದೆ. ಅಂದಿನಿಂದ ಅಳಿಸುತ್ತಲೇ ಬಂದಿದ್ದೇನೆ. ಮೊನ್ನೆ ಶನಿವಾರ ಆ ಕ್ಲಾಸಿನ ಜೊತೆ ಸೇರಿಕೊಂಡು ನಾನೂ ನಕ್ಕುಬಿಟ್ಟೆ.

ಈ ಉಪನ್ಯಾಸವೇ ಇವರ ಪುಸ್ತಕದ ಮೂರನೆಯ ಅಧ್ಯಾಯ. ಸೋಮವಾರ ಅಚ್ಚಿಗೆ ಹೋಗುತ್ತದೆ. ಹೋದರೆ ನಿನ್ನ ಇಪ್ಪತ್ತೆರಡು ವರ್ಷದ ಕೆಲಸ ಯಾವನೋ ಒಬ್ಬನ ತಪ್ಪು ಎಂದು ಎಲ್ಲ ಲೈಬ್ರರಿಗಳಲ್ಲೂ ಕುಳಿತುಬಿಡುತ್ತದೆ. ಇವರು ಐದು ಗಂಟೆಗೆ ಬರುತ್ತಾರೆ. ಇವತ್ತು ಹೇಳುತ್ತೇನೆ. ಅವರ ಮೇಲೆ ಕೋಪ ಬೇಡ, ಅವರಿಗೆ ಏನೂ ಗೊತ್ತಿರಲಿಲ್ಲ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ, ಆದರೂ ಕೇಳುತ್ತಿದ್ದೇನೆ.

ತಲೆ ತಗ್ಗಿಸಿ ಕುಳಿತಿರುವ,
ನಿನ್ನ ರೇಡಿಯೊ

ಶುಕ್ರವಾರ ಬೆಳಿಗ್ಗೆ, ಮೇಲೆ ಬರೆಯದೆ ಬಿಟ್ಟದ್ದು:

'ತಪ್ಪು' ಎಂಬ ಮಾತು ಇವರದಲ್ಲ, ನನ್ನದು. ರೈಲಿನಲ್ಲಿ ಟೀ ಡಬ್ಬಿ ತೋರಿಸಿ, 'ಈ ಕಿರುಬೆರಳು ಯಾಕೆ ಹೀಗಿದೆ ಅಂತೀಯಾ?' ಎಂದು ಕೇಳಿದ್ದರು. ನೋಡಿದ ಕೂಡಲೇ ನಿನ್ನ ಕೈ ಗುರುತು ಸಿಕ್ಕಿತು. ಕಿಟಕಿಯ ಆಚೆ ನೋಡುತ್ತಾ, 'ನಕಲು ಮಾಡುವಾಗ ಆದ ತಪ್ಪಿರಬೇಕು' ಅಂದೆ. ಇವರು ಕುಣಿದಾಡಿ ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಪುಸ್ತಕದ ಮೊದಲ ಪುಟದಲ್ಲಿ, ಈ ಹೊಳಹು ಕೊಟ್ಟವಳು ನನ್ನ ಹೆಂಡತಿ ಎಂದು ಕೃತಜ್ಞತೆ ಬೇರೆ ಇದೆ.

ನಿನ್ನೆ ಎಲ್ಲ ಹೇಳಿದೆ. ಇವರು ಟೀ ಡಬ್ಬಿಯನ್ನು ಕೈಗೆತ್ತಿಕೊಂಡು, 'ಬಲಗೈಗೆ ಕನ್ನಡಿನಾ?' ಎಂದು ಒಂದೇ ಮಾತು ಕೇಳಿದರು. ಇವತ್ತು ಬೆಳಿಗ್ಗೆ ಪ್ರಕಾಶಕರಿಗೆ ಫೋನ್ ಮಾಡಿ ಪುಸ್ತಕವನ್ನು ನಿಲ್ಲಿಸಿದರು. ಮುಂದಿನ ಭಾನುವಾರ ಅಧ್ಯಾಯವನ್ನು ಹಿಡಿದುಕೊಂಡು ಒಬ್ಬರೇ ನಿನ್ನ ಹತ್ತಿರ ಬರುತ್ತಾರಂತೆ, ನೀನು ತಿದ್ದಿಕೊಡಬೇಕಂತೆ. ನೀನು ಬಾ ಎನ್ನುವ ತನಕ ನಾನು ಬರುವುದಿಲ್ಲ. ಅವರು ಬಾಗಿಲು ತಟ್ಟಿದಾಗ ಎಡಗೈಯಲ್ಲಿ ಚಿಲಕ ತೆಗಿ ಅಮ್ಮಾ.